ತೀವ್ರ ನಿಗಾ ಘಟಕದ ಕಣ್ಗಾವಲು: ನರ್ಸ್ ಪ್ರಾಕ್ಟೀಷನರ್

ಮಳೆಗಾಲದ ರಾತ್ರಿ ಹೊಲದ ಗುಡಿಸಲಿನಲ್ಲೋ ಮನೆಯ ಪಡಸಾಲೆಯಲ್ಲೋ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿದರೆ, ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಹೇಳಿಕೊಳ್ಳುವಂಥ ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಶುರುವಾಗುತ್ತದೆ. ಕಣ್ಣಿನ ರೆಪ್ಪೆ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಇಂಥ ರೋಗಿಗೆ ವಿಷಪ್ರತಿರೋಧಕ ಔಷಧ ಬೇಕೇ ಬೇಕು. ಆದರೆ ಒಮ್ಮೆ ಶಕ್ತಿ ಕಳೆದುಕೊಂಡ ಸ್ನಾಯುಗಳನ್ನು ಆ ಔಷಧವೂ ಕೂಡಲೇ ಎಬ್ಬಿಸಲಾರದು. ಅವು ತಾವಾಗಿ ಚೇತರಿಸಿಕೊಳ್ಳುವವರೆಗೆ, ಕೆಲವೊಮ್ಮೆ ಹಲವು ದಿನಗಳ ಕಾಲ, ವೆಂಟಿಲೇಟರ್ ಯಂತ್ರದಿಂದ ಉಸಿರು ಕೊಡಬೇಕಾಗುತ್ತದೆ. ಆ ದಿನಗಳನ್ನು ದಾಟಿಸಿದರೆ ರೋಗಿ ಪೂರ್ತಿ ಗುಣಮುಖನಾಗಿ ನಡೆದುಕೊಂಡೇ ಮನೆಗೆ ಹೋಗಬಹುದು.

ಆ ದಿನಗಳನ್ನು ದಾಟಿಸುವವರು ಯಾರು? ಔಷಧ ನಿರ್ಧರಿಸುವವರು ವೈದ್ಯರು, ನಿಜ. ಆದರೆ ಅವರು ಹಲವು ರೋಗಿಗಳನ್ನು ನೋಡಬೇಕು. ಹಗಲು ರಾತ್ರಿ ಹಾಸಿಗೆಯ ಪಕ್ಕದಲ್ಲಿರುವವರು ನಾವೆಲ್ಲ ‘ಸಿಸ್ಟರ್’ ಎಂದು ಕರೆಯುವ ನರ್ಸ್. ಈ ನರ್ಸ್‌ಗಳಲ್ಲೇ ಕೆಲವರಿಗೆ ಇನ್ನೂ ಉನ್ನತ ತರಬೇತಿ ಕೊಟ್ಟು ತಯಾರು ಮಾಡುವ ಹೊಸ ವೃತ್ತಿಯೇ ‘ನರ್ಸ್ ಪ್ರಾಕ್ಟೀಷನರ್’.

ಯಂತ್ರ ಬಂದರೆ ಸಾಕೇ?

1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ ಆರಂಭವಾಯಿತು. 2015ರಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಪ್ರಾರಂಭವಾಯಿತು. 20ನೇ ಶತಮಾನದ ಆರಂಭದಲ್ಲಿ ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ಆಸ್ಪತ್ರೆ ತೆರೆದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಬದಲಾವಣೆ. ಆದರೂ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ಹಳ್ಳಿಗಳಿಂದ ಗಂಭೀರ ರೋಗಿಯನ್ನು ತರುವವರು ಮೂವತ್ತು, ನಲವತ್ತು ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು ದಾರಿ ಸವೆಸಿ ಗದಗಕ್ಕೆ ಬರಬೇಕು. ಅಲ್ಲಿಯೂ ಆಗದಿದ್ದರೆ ಹುಬ್ಬಳ್ಳಿಯ ದಾರಿ.

ಕಟ್ಟಡ, ಹಾಸಿಗೆ, ವೆಂಟಿಲೇಟರ್‌ಗಳು ಹಣ ಮಂಜೂರಾದರೆ ಬರುತ್ತವೆ. ಅವುಗಳನ್ನು ನಡೆಸುವ ಕೈಗಳು ಹಾಗೆ ಬರುವುದಿಲ್ಲ. ಅವು ತಯಾರಾಗಲು ವರ್ಷಗಳೇ ಬೇಕು.

ಈ ಪಾಠವನ್ನು ಜಗತ್ತು 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಕಲಿಯಿತು. ಆಗ ಅಲ್ಲಿ ಪೋಲಿಯೊ ಪಿಡುಗು. ಮೊದಲ ವಾರಗಳಲ್ಲಿ ಉಸಿರಾಟದ ತೊಂದರೆಗೊಳಗಾದ 31 ರೋಗಿಗಳಲ್ಲಿ 27 ಮಂದಿ ಸತ್ತರು. ಬಿಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಗಂಟಲಿಗೆ ನಳಿಕೆ ಹಾಕಿ ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ಉಪಾಯ ತೋರಿಸಿದರು. ಚೀಲ ಒತ್ತಲು ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತರು. ಅವರ ಜೊತೆಗೆ ನರ್ಸ್‌ಗಳು ಹಗಲಿರುಳು ನಿಂತರು. ಸಾವಿನ ಪ್ರಮಾಣ ಬಹುವಾಗಿ ತಗ್ಗಿತು. ಇಂದಿನ ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ, ಮೂಲ ಇದೇ.

98 ಎಂಬ ಅಂಕಿಯ ಮೋಸ

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಲ್ಲರ ಮನೆಮಾತಾಯಿತು. ಅದು ಬೆರಳಿನ ಮೂಲಕ ಕೆಂಪು ಮತ್ತು ಅವಗೆಂಪು ಬೆಳಕನ್ನು ಹಾಯಿಸಿ, ರಕ್ತದ ಹಿಮೋಗ್ಲೋಬಿನ್ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆ ಎಂದು ಲೆಕ್ಕ ಹಾಕುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ಕ್ಕಿಂತ ಹೆಚ್ಚು. ಈ ಹೊರೆಯ ನಕ್ಷೆ ಬರೆದರೆ ಗೆರೆ ಮೇಲ್ಭಾಗದಲ್ಲಿ ಸಮತಟ್ಟಾಗಿದ್ದು, 90ರ ಕೆಳಗೆ ಕಡಿದಾಗಿ ಇಳಿಯುತ್ತದೆ. ಕಪ್ಪತಗುಡ್ಡದ ನೆತ್ತಿಯ ಮೇಲೆ ಆರಾಮವಾಗಿ ನಡೆಯುತ್ತಿದ್ದವನಿಗೆ ಒಮ್ಮೆಲೆ ಇಳಿಜಾರು ಎದುರಾದಂತೆ. ಅಂಕಿ ಚೆನ್ನಾಗಿದೆ ಎಂದು ನೆಮ್ಮದಿಯಿಂದಿರುವಾಗಲೇ ರೋಗಿ ಇಳಿಜಾರಿನ ಅಂಚಿಗೆ ಬಂದಿರಬಹುದು.

ಇನ್ನೊಂದು ಮಾತು. ಹಾವು ಕಚ್ಚಿದ ರೋಗಿಗೆ ಮುಖಕ್ಕೆ ಮಾಸ್ಕ್ ಹಾಕಿ ಆಮ್ಲಜನಕ ಕೊಡುತ್ತಿದ್ದಾರೆ ಎನ್ನಿ. ಆಕ್ಸಿಮೀಟರ್ 98 ತೋರಿಸುತ್ತದೆ. ಆದರೆ ಸ್ನಾಯುಗಳು ಸೋತು ಉಸಿರು ಮೇಲುಮೇಲಕ್ಕೆ ಮಾತ್ರ ಆಡುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ರಕ್ತದಲ್ಲಿ ಏರುತ್ತದೆ. ಅದನ್ನು ಆಕ್ಸಿಮೀಟರ್ ಅಳೆಯುವುದೇ ಇಲ್ಲ!

ನುರಿತ ನರ್ಸ್ ಇಲ್ಲಿ ಅಂಕಿಯನ್ನಷ್ಟೇ ನೋಡುವುದಿಲ್ಲ. ‘ಒಂದೇ ಉಸಿರಿನಲ್ಲಿ ಎಣಿಸಿ’ ಎಂದು ರೋಗಿಗೆ ಹೇಳುತ್ತಾಳೆ. ಒಂದು ತಾಸಿನ ಹಿಂದೆ 25ರವರೆಗೆ ಎಣಿಸಿದವರು ಈಗ 12ಕ್ಕೇ ನಿಂತರೆ ಅಪಾಯ ಹತ್ತಿರ ಬಂದಿದೆ. ದಿಂಬಿನಿಂದ ತಲೆ ಎತ್ತಲು ಆಗುತ್ತದೆಯೇ, ಎಂಜಲು ನುಂಗಲು ಆಗುತ್ತದೆಯೇ ಎಂದು ಪರೀಕ್ಷಿಸುತ್ತಾಳೆ. ಉಸಿರು ನಿಂತ ಮೇಲೆ ಓಡಾಡುವುದಕ್ಕೂ, ನಿಲ್ಲುವ ಮೊದಲೇ ವೈದ್ಯರನ್ನು ಕರೆದು ನಳಿಕೆ ಹಾಕಿಸುವುದಕ್ಕೂ ಇರುವ ಅಂತರವೇ ಸಾವು ಬದುಕಿನ ಅಂತರ.

ವೆಂಟಿಲೇಟರ್ ಹಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಪುಪ್ಪುಸಕ್ಕೆ ಸೋಂಕು ತಗಲದಂತೆ ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಬೇಕು, ಬಾಯಿ ಶುಚಿಯಾಗಿಡಬೇಕು, ಕಫ ತೆಗೆಯಬೇಕು, ಬೆನ್ನುಹುಣ್ಣಾಗದಂತೆ ಮಗ್ಗಲು ಬದಲಿಸಬೇಕು. ರೋಗಿ ತಾನೇ ಉಸಿರಾಡಬಲ್ಲನೇ ಎಂದು ದಿನವೂ ನೋಡಬೇಕು. ಕಟ್ಟುಹಾವಿನ ವಿಷವೇರಿದವರು ಕಣ್ಣು ತೆರೆಯದೆ, ಬೆರಳು ಅಲುಗಿಸದೆ ಬಿದ್ದಿದ್ದರೂ ಪ್ರಜ್ಞೆ ಇರಬಹುದು, ಪಕ್ಕದಲ್ಲಿ ಆಡಿದ ಮಾತು ಕೇಳಿಸುತ್ತಿರಬಹುದು. ಇದನ್ನು ಬಲ್ಲ ನರ್ಸ್ ಸೂಜಿ ಚುಚ್ಚುವ ಮೊದಲು ರೋಗಿಗೆ ಹೇಳಿಯೇ ಚುಚ್ಚುತ್ತಾಳೆ.

ತ್ರೈರಾಶಿಯ ಲೆಕ್ಕ

‘ಗಣಿತ ಕಲಿತು ಏನು ಪ್ರಯೋಜನ?’ ಎನ್ನುವ ವಿದ್ಯಾರ್ಥಿಗಳಿಗೆ ಐಸಿಯುವಿನ ಒಂದು ಲೆಕ್ಕ. ರಕ್ತದೊತ್ತಡ ಕುಸಿದ 60 ಕಿಲೋ ತೂಕದ ರೋಗಿಗೆ ನಾರ್‌ಅಡ್ರಿನಲಿನ್ ಎಂಬ ಔಷಧವನ್ನು ಪ್ರತಿ ಕಿಲೋ ತೂಕಕ್ಕೆ ಪ್ರತಿ ನಿಮಿಷ 0.1 ಮೈಕ್ರೋಗ್ರಾಂನಂತೆ ಕೊಡಲು ವೈದ್ಯರು ಸೂಚಿಸಿದ್ದಾರೆ. 50 ಮಿ.ಲೀ. ದ್ರಾವಣದಲ್ಲಿ 4 ಮಿಲಿಗ್ರಾಂ ಔಷಧವಿದೆ. ಯಂತ್ರವನ್ನು ಎಷ್ಟಕ್ಕೆ ಇಡಬೇಕು?

ನಿಮಿಷಕ್ಕೆ 6 ಮೈಕ್ರೋಗ್ರಾಂ, ತಾಸಿಗೆ 360. ದ್ರಾವಣದ ಪ್ರತಿ ಮಿ.ಲೀ.ಯಲ್ಲಿ 80. ಅಂದರೆ ತಾಸಿಗೆ 4.5 ಮಿ.ಲೀ. ದಶಮಾಂಶ ಬಿಂದು ತಪ್ಪಿ 45 ಎಂದು ಒತ್ತಿದರೆ ಹತ್ತು ಪಟ್ಟು ಔಷಧ! ಪರೀಕ್ಷೆಯಲ್ಲಿ ಒಂದು ಅಂಕ ಹೋಗುವ ತಪ್ಪು ಇಲ್ಲಿ ಜೀವವನ್ನೇ ತೆಗೆಯಬಲ್ಲದು.

ವೃತ್ತಿ ಹುಟ್ಟಿದ ಬಗೆ

1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ವೈದ್ಯರು ಸಾಕಷ್ಟಿಲ್ಲದ ಊರುಗಳ ಮಕ್ಕಳಿಗೆ ಆರೋಗ್ಯ ಸೇವೆ ಮುಟ್ಟಿಸುವುದು ಅವರ ಉದ್ದೇಶವಾಗಿತ್ತು.

ನಮ್ಮ ದೇಶದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು 2016ರಲ್ಲಿ ತೀವ್ರ ನಿಗಾ ವಿಭಾಗಕ್ಕೆಂದೇ ಎರಡು ವರ್ಷಗಳ ಸ್ನಾತಕೋತ್ತರ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ರೂಪಿಸಿತು. ಇದರ ವಿಶೇಷವೆಂದರೆ ತರಗತಿಯ ಪಾಠ ಕಡಿಮೆ, ಐಸಿಯುವಿನಲ್ಲಿ ಕೈಯಾರೆ ಮಾಡಿ ಕಲಿಯುವುದೇ ಹೆಚ್ಚು. ರೋಗಿಯ ಸಮಗ್ರ ತಪಾಸಣೆ, ರಕ್ತಪರೀಕ್ಷೆಯ ವರದಿ ಓದುವುದು, ವೆಂಟಿಲೇಟರ್ ನಿರ್ವಹಣೆ, ಮೊದಲೇ ಒಪ್ಪಿದ ಲಿಖಿತ ನಿಯಮಗಳ ಪ್ರಕಾರ ಔಷಧ ಕೊಡುವುದು ಇವೆಲ್ಲ ಕಲಿಕೆಯ ಭಾಗ. ಇವರು ವೈದ್ಯರ ಬದಲಿಗೆ ಬರುವವರಲ್ಲ. ವೈದ್ಯರೊಂದಿಗೆ ಸೇರಿ ಕೆಲಸ ಮಾಡುವವರು.

ದಾರಿ ಯಾವುದು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಬಹುದು. ನಂತರ ನೋಂದಣಿ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಕನಿಷ್ಠ ಒಂದು ವರ್ಷದ ಅನುಭವ, ಅದೂ ಐಸಿಯುವಿನಲ್ಲಾದರೆ ಒಳ್ಳೆಯದು. ಆಮೇಲೆ ಎರಡು ವರ್ಷದ ಈ ಕೋರ್ಸ್. ಒಟ್ಟು ಏಳು ವರ್ಷ. ಜಿ.ಎನ್.ಎಂ. ಮುಗಿಸಿದವರು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮೂಲಕ ಇದೇ ದಾರಿಗೆ ಬರಬಹುದು. ಹುಡುಗರಿಗೂ ಅವಕಾಶವಿದೆ.

ಪಾಲಕರು ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಕಾಲೇಜಿಗೆ ಹಣ ಕಟ್ಟುವ ಮುನ್ನ ಅದಕ್ಕೆ ಮಾನ್ಯತೆ ಇದೆಯೇ, ತರಬೇತಿಗೆ ನಿಜವಾದ, ರೋಗಿಗಳಿರುವ ಐಸಿಯು ಇದೆಯೇ ಎಂದು ಖುದ್ದಾಗಿ ನೋಡಿ ಬರಬೇಕು. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಈ ವಿದ್ಯೆ ಬರುವುದಿಲ್ಲ. ಎರಡನೆಯದು, ಓದು ಮುಗಿಸಿದವರಿಗೆಲ್ಲ ಅದೇ ಹೆಸರಿನ ಹುದ್ದೆ, ಅದಕ್ಕೆ ತಕ್ಕ ಅಧಿಕಾರ ಮತ್ತು ಸಂಬಳ ಎಲ್ಲ ಕಡೆ ಸಿಗುತ್ತಿಲ್ಲ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ಆದರೆ ಕಾಯ್ದೆಯಷ್ಟೇ ಸಾಲದು, ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಹುದ್ದೆಗಳೂ ಸೃಷ್ಟಿಯಾಗಬೇಕು. ಇಲ್ಲದಿದ್ದರೆ ಏಳು ವರ್ಷ ಕಲಿತ ನಮ್ಮ ಮಕ್ಕಳು ದೊಡ್ಡ ನಗರಗಳಿಗೋ ಪರದೇಶಕ್ಕೋ ಹೋಗುತ್ತಾರೆ. ಅವರನ್ನು ದೂಷಿಸುವಂತಿಲ್ಲ.

ಡಾಕ್ಟರ್ ಸೀಟು ಸಿಗಲಿಲ್ಲವೆಂದು ನರ್ಸಿಂಗ್ ಸೇರಿಸುವ ವಾಡಿಕೆ ನಮ್ಮಲ್ಲಿದೆ. ಸಿಗದ ಸೀಟಿನ ಸಮಾಧಾನಕ್ಕೆಂದು ಆರಿಸಿಕೊಳ್ಳುವ ಕೆಲಸ ಇದಲ್ಲ. ವಿಜ್ಞಾನದಲ್ಲಿ ಆಸಕ್ತಿ, ಲೆಕ್ಕದಲ್ಲಿ ಎಚ್ಚರ, ರಾತ್ರಿ ಪಾಳಿಗೆ ಬೇಕಾದ ಗಟ್ಟಿತನ ಮತ್ತು ನರಳುವವರ ಬಗ್ಗೆ ಅಂತಃಕರಣ ಇರುವ ಮಗ ಅಥವಾ ಮಗಳು ನಿಮ್ಮ ಮನೆಯಲ್ಲಿದ್ದರೆ, ಈ ಹಾದಿಯ ಬಗ್ಗೆ ಒಮ್ಮೆ ಕುಳಿತು ಮಾತನಾಡಿ.