ಚೌಕಾಬಾರ ಆಟ, ದುಡ್ಡಿಟ್ಟ ರಮ್ಮಿ ಜೂಜು. ಹಾಗಾದ್ರೆ ಲೂಟ್ ಬಾಕ್ಸ್ ಏನು?

ಎಂಜಿನಿಯರಿಂಗ್ ಎರಡನೇ ಸೆಮಿಸ್ಟರ್‌ನಲ್ಲಿ ನನಗೆ ಮ್ಯಾಥ್ಸ್ ಬ್ಯಾಕ್ ಬಿತ್ತು. ಕಾರಣ ಕೌಂಟರ್-ಸ್ಟ್ರೈಕ್. ಕಾಲೇಜಿನ ಹಿಂದಿನ ರಸ್ತೆಯಲ್ಲಿ ಒಂದು ಸೈಬರ್ ಕೆಫೆ ಇತ್ತು. ಗಂಟೆಗೆ ಹದಿನೈದು ರೂಪಾಯಿ, ಹತ್ತು ಕಂಪ್ಯೂಟರ್. ಐದು ಜನ ಈ ಕಡೆ, ಐದು ಜನ ಆ ಕಡೆ. ಸೋತ ತಂಡ ಗೆದ್ದವರಿಗೆ ಟೀ ಕೊಡಿಸಬೇಕು, ಅಷ್ಟೇ ನಿಯಮ. ನಾಲ್ಕು ವರ್ಷದಲ್ಲಿ ನಾನು ಎಷ್ಟು ಟೀ ಕೊಡಿಸಿದೆ ಅಂತ ಲೆಕ್ಕ ಇಟ್ಟಿಲ್ಲ. ಆದರೆ ಆ ಟೀ ಕುಡಿಯುತ್ತಾ ಮಾಡಿಕೊಂಡ ಸ್ನೇಹಗಳು ಇವತ್ತಿಗೂ ಉಳಿದಿವೆ.

ಆ ತಂಡದಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ನನ್ನ ರೂಮ್‌ಮೇಟ್. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಫೋನ್ ಮಾಡಿ, ಇಪ್ಪತ್ತು ಸಾವಿರ ಬೇಕಿತ್ತು ಅಂದ. ಕೊಟ್ಟೆ. ಮುಂದಿನ ತಿಂಗಳು ಮತ್ತೆ ಕೇಳಿದ. ಕೆದಕಿದಾಗ ಗೊತ್ತಾಯ್ತು, ಮೊಬೈಲ್ ರಮ್ಮಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಳಕೊಂಡಿದ್ದ. ನಾನು "ಜೂಜಾಡ್ತಿದೀಯಾ?" ಅಂದಿದ್ದಕ್ಕೆ ಸಿಟ್ಟಾದ. "ಜೂಜಲ್ಲ ಮಗಾ, ಇದು ಸ್ಕಿಲ್ ಗೇಮ್. ಸುಪ್ರೀಂ ಕೋರ್ಟೇ ಹೇಳಿದೆ."

ಅವನು ಸುಳ್ಳು ಹೇಳಿರಲಿಲ್ಲ. ನಮ್ಮ ದೇಶದಲ್ಲಿ ಗೇಮಿಂಗ್ ಬಗ್ಗೆ ನಡೆಯುವ ಎಲ್ಲ ಗೊಂದಲವೂ ಆ ಒಂದು ಉತ್ತರದಲ್ಲಿದೆ. ಅದನ್ನ ಸ್ವಲ್ಪ ಬಿಡಿಸಿ ನೋಡೋಣ.

ಕೌಶಲ ಇದ್ದರೆ ಜೂಜಲ್ಲವೇ?

ಬ್ರಿಟಿಷರು 1867ರಲ್ಲಿ ಸಾರ್ವಜನಿಕ ಜೂಜು ಕಾಯ್ದೆ ತಂದರು. ಅದರಲ್ಲಿ ಬರೀ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯದ ನಂತರ 1957ರಲ್ಲಿ ಸುಪ್ರೀಂ ಕೋರ್ಟ್, ಕೌಶಲ ಪ್ರಧಾನವಾದ ಸ್ಪರ್ಧೆಗಳು ಜೂಜಲ್ಲ ಅಂದಿತು. 1967ರಲ್ಲಿ ರಮ್ಮಿ ಪ್ರಧಾನವಾಗಿ ಕೌಶಲದ ಆಟ ಅಂತ ತೀರ್ಪು ಬಂತು. 1996ರಲ್ಲಿ ಕುದುರೆ ರೇಸ್ ಕೂಡ ಅದೇ ಪಟ್ಟಿಗೆ ಸೇರಿತು. ಅಲ್ಲಿಂದ ಮುಂದೆ ಪ್ರಶ್ನೆ ಒಂದೇ ಆಯ್ತು: ಆಟದಲ್ಲಿ ಹೆಚ್ಚಿರೋದು ಕೌಶಲವೋ, ಅದೃಷ್ಟವೋ? ಕೌಶಲ ಹೆಚ್ಚಿದ್ದರೆ ದುಡ್ಡಿಟ್ಟು ಆಡಿದರೂ ಅದು ವ್ಯಾಪಾರ.

ಆದರೆ 1967ರ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು. ಪಣ ಇಟ್ಟು ಆಡುವ ಆಟದಿಂದ ಕ್ಲಬ್ಬಿನ ಮಾಲೀಕನೇ ಲಾಭ ಮಾಡುತ್ತಿದ್ದರೆ ಅದು ಅಪರಾಧವಾಗಬಹುದು ಅಂತ. ರಮ್ಮಿ ಆಪ್‌ಗಳು ಮಾಡುತ್ತಿದ್ದದ್ದು ಏನು? ಪ್ರತಿ ಟೇಬಲ್‌ನಿಂದ ತಮ್ಮ ಪಾಲು ಎತ್ತಿಕೊಳ್ಳುತ್ತಿದ್ದವು. ನನ್ನ ಗೆಳೆಯನಿಗೆ ತೀರ್ಪಿನ ಮೊದಲ ಅರ್ಧ ಬಾಯಿಪಾಠ ಇತ್ತು. ಎರಡನೇ ಅರ್ಧವನ್ನ ಅವನಿಗೆ ಯಾರೂ ಹೇಳಿರಲಿಲ್ಲ.

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ದುಡ್ಡು ಇಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕೌಶಲದ ಆಟಗಳೂ ಅದರೊಳಗೆ ಬಂದವು. ಆದರೆ ರೇಸ್‌ಕೋರ್ಸ್‌ನ ಕುದುರೆ ಬಾಜಿಗೆ ವಿನಾಯಿತಿ ಉಳಿಯಿತು! 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ಹೊಡೆದುಹಾಕಿತು. ಕೌಶಲದ ಆಟ ನಡೆಸುವುದು ಸಂವಿಧಾನ ಕೊಟ್ಟ ವ್ಯಾಪಾರದ ಹಕ್ಕಿನೊಳಗೆ ಬರುತ್ತದೆ ಅನ್ನೋದು ಅದಕ್ಕೆ ಮುಖ್ಯ ಕಾರಣವಾಗಿತ್ತು.

ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವ್ಯತ್ಯಾಸ

ಇಂಗ್ಲಿಷಿನ 'ಗೇಮಿಂಗ್' ಅನ್ನೋ ಪದ ಕೌಂಟರ್-ಸ್ಟ್ರೈಕ್‌ಗೂ ಆಗುತ್ತೆ, ಕ್ಯಾಸಿನೋಗೂ ಆಗುತ್ತೆ. ಕನ್ನಡದಲ್ಲಿ ಎರಡು ಪದ ಇವೆ: ಆಟ, ಜೂಜು. ನಮ್ಮ ಜನ ಈ ಗೆರೆಯನ್ನ ಎಲ್ಲಿ ಎಳೆದಿದ್ದಾರೆ ಅಂತ ಗಮನಿಸಿ.

ಚೌಕಾಬಾರ ತಗೊಳ್ಳಿ. ಕವಡೆ ಎಷ್ಟು ಅಂಗಾತ ಬೀಳುತ್ತವೆ ಅನ್ನೋದು ಅದೃಷ್ಟ. ಯಾವ ಕಾಯಿ ನಡೆಸಬೇಕು ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು. ಆದರೂ ಅಜ್ಜಿ ಮೊಮ್ಮಕ್ಕಳ ಜೊತೆ ಜಗಲಿ ಮೇಲೆ ಕೂತು ಕಾಯಿ ಹಣ್ಣು ಮಾಡುತ್ತಿದ್ದರೆ ಯಾರೂ ಅದನ್ನ ಜೂಜು ಅನ್ನಲ್ಲ. ಅದೇ ಹಳೇ ಮೈಸೂರು ಕಡೆ ಯುಗಾದಿ ದಿನ ಹಳ್ಳಿಗಳಲ್ಲಿ ಇಸ್ಪೀಟು ಹಿಡಿದು, ದುಡ್ಡು ಹಾಕಿ ಅಂದರ್-ಬಾಹರ್‌ಗೆ ಕೂತರೆ ಎಲ್ಲರಿಗೂ ಗೊತ್ತು ಅದು ಜೂಜು ಅಂತ. ಆಡುವವರೂ ಹಾಗೇ ಕರೀತಾರೆ. ಪೊಲೀಸ್ ಜೀಪು ಬಂದರೆ ಓಡೋಕೆ ದಾರಿ ನೋಡಿಟ್ಟುಕೊಂಡೇ ಕೂತಿರ್ತಾರೆ.

ಅಂದ್ರೆ ಜನರ ಲೆಕ್ಕದಲ್ಲಿ ಗೆರೆ ಇರೋದು ಕೌಶಲ ಮತ್ತು ಅದೃಷ್ಟದ ನಡುವೆ ಅಲ್ಲ, ಪಣದ ಹತ್ತಿರ. ಶಕುನಿಗೆ ಕೌಶಲ ಇರಲಿಲ್ವಾ? ಬೇಕಾದಷ್ಟಿತ್ತು. ಅದಕ್ಕೇ ಧರ್ಮರಾಯ ಸೋತದ್ದು. ದುಡ್ಡಿನ ಆಟದಲ್ಲಿ ಎದುರಿನವನ ಕೌಶಲ ನಿನ್ನನ್ನ ಕಾಪಾಡಲ್ಲ, ಬೇಗ ಮುಳುಗಿಸುತ್ತೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಕೊನೆಗೂ ಈ ಜಾಗಕ್ಕೆ ಬಂತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಯನ್ನೇ ಬದಿಗಿಟ್ಟಿತು. ದುಡ್ಡು ಅಥವಾ ದುಡ್ಡಿಗೆ ಸಮನಾದ ಪಣ ಕಟ್ಟಿ, ದುಡ್ಡು ಅಥವಾ ಬೇರೆ ಲಾಭ ಗೆಲ್ಲುವ ನಿರೀಕ್ಷೆಯಲ್ಲಿ ಆಡುವ ಆನ್‌ಲೈನ್ ಆಟ ನಿಷಿದ್ಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೂ ಶಿಕ್ಷೆ ಇದೆ. ಆಡುವವರಿಗೆ ಇಲ್ಲ. ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನ ಬೇರೆ ಗುಂಪಾಗಿ ಗುರುತಿಸಿ, ಪ್ರೋತ್ಸಾಹ ಕೊಡುವುದಾಗಿ ಹೇಳಿತು.

ಗೆಳೆಯನ ಮೂರು ಲಕ್ಷ ನೆನೆಸಿಕೊಂಡರೆ ನನಗೆ ಈ ಕಾಯ್ದೆಯ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಮಸೂದೆ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಅವತ್ತೇ ಪಾಸಾಯ್ತು. ಮರುದಿನ ರಾಜ್ಯಸಭೆ, ಅದರ ಮರುದಿನ ರಾಷ್ಟ್ರಪತಿ ಅಂಕಿತ. ಕೋಟ್ಯಂತರ ಜನ ಆಡುವ ವಿಷಯದ ಮೇಲಿನ ಕಾನೂನಿಗೆ ಮೂರು ದಿನ. ಆಡುವವರನ್ನ ಒಂದು ಮಾತು ಕೇಳೋಕೂ ಪುರುಸೊತ್ತಿರಲಿಲ್ಲ.

ಗೆರೆ ನನ್ನ ಆಟದ ಒಳಗೇ ಇದೆ

ನಾನು ಅಭಿಮಾನದಿಂದ ಹೇಳಿಕೊಳ್ಳುವ ಒಂದು ವಿಷಯ ಇದೆ. ಕೌಂಟರ್-ಸ್ಟ್ರೈಕ್ ಅನ್ನು ಮೊದಲು ಮಾಡಿದ್ದು ಯಾವ ಕಂಪನಿಯೂ ಅಲ್ಲ. 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಅನ್ನೋ ಇಬ್ಬರು ಹುಡುಗರು 'ಹಾಫ್-ಲೈಫ್' ಆಟವನ್ನ ತಮಗೆ ಬೇಕಾದಂತೆ ಬದಲಾಯಿಸಿ, ಪುಕ್ಕಟೆ ಹಂಚಿದರು. ಜಗತ್ತಿನ ತುಂಬ ಜನ ಆಡಿದರು, ತಪ್ಪು ಹೇಳಿದರು, ಹೊಸ ಮ್ಯಾಪ್ ಮಾಡಿ ಕಳಿಸಿದರು. ಆಮೇಲೆ ಹಾಫ್-ಲೈಫ್ ಮಾಡಿದ್ದ ವಾಲ್ವ್ ಕಂಪನಿ ಅದನ್ನ ಕೊಂಡುಕೊಂಡಿತು. ಅಂದ್ರೆ ಇದು ಅಭಿಮಾನಿಗಳೇ ಕಟ್ಟಿದ ಆಟ. ನಮ್ಮ ಕಡೆ ಅಭಿಮಾನಿಗಳನ್ನ ದೇವರು ಅಂತ ಕರೆದ ನಟ ಇದ್ದರು. ಇಲ್ಲಿ ಅಭಿಮಾನಿಗಳು ನಿಜಕ್ಕೂ ಸೃಷ್ಟಿಕರ್ತರೇ ಆಗಿದ್ದರು.

ಅದೇ ಆಟಕ್ಕೆ 2013ರಲ್ಲಿ ಪೆಟ್ಟಿಗೆಗಳು ಬಂದವು. ಪೆಟ್ಟಿಗೆ ತೆರೆಯೋಕೆ ದುಡ್ಡು ಕೊಟ್ಟು ಕೀ ಕೊಳ್ಳಬೇಕು. ಒಳಗೆ ಬಂದೂಕಿಗೆ ಹಾಕುವ ಬಣ್ಣದ ಸ್ಕಿನ್ ಇರುತ್ತೆ. ಯಾವುದು ಅಂತ ಮೊದಲೇ ಗೊತ್ತಾಗಲ್ಲ. ಬಹುತೇಕ ಸಲ ಕೀಲಿಗಿಂತ ಅಗ್ಗದ್ದು ಸಿಗುತ್ತೆ. ಅಪರೂಪಕ್ಕೆ ಸಾವಿರಾರು ರೂಪಾಯಿ ಬೆಲೆಯದ್ದು ಬರುತ್ತೆ. ತೆರೆಯುವಾಗ ಚಕ್ರದ ಹಾಗೆ ಸಾಲು ಓಡಿ, ದುಬಾರಿ ವಸ್ತುವಿನ ಪಕ್ಕಕ್ಕೇ ಬಂದು ನಿಂತರೆ 'ಅಯ್ಯೋ, ಸ್ವಲ್ಪದರಲ್ಲೇ ತಪ್ಪಿತು' ಅನ್ನಿಸುತ್ತೆ. ಈ ಸ್ಕಿನ್‌ಗಳನ್ನೇ ಪಣ ಇಟ್ಟು ಬಾಜಿ ಕಟ್ಟುವ ಸೈಟುಗಳು ಹುಟ್ಟಿಕೊಂಡವು. 2016ರಲ್ಲಿ ವಾಲ್ವ್ ಅವುಗಳಿಗೆ ನೋಟಿಸ್ ಕಳಿಸಿತು. ಆದರೆ ಪೆಟ್ಟಿಗೆ ಮಾರೋದನ್ನ ನಿಲ್ಲಿಸಲಿಲ್ಲ. ಈ ತರದ ಪೆಟ್ಟಿಗೆಗೇ ಲೂಟ್ ಬಾಕ್ಸ್ ಅನ್ನೋದು. ಬಿಜಿಎಂಐನ ಕ್ರೇಟ್‌ಗಳೂ ಇದೇ ಜಾತಿ.

ಈ ವಿಷಯದಲ್ಲಿ ನಾನೂ ಸಾಚಾ ಅಲ್ಲ. ಒಂದು ಫುಟ್‌ಬಾಲ್ ಮೊಬೈಲ್ ಆಟದಲ್ಲಿ ನನ್ನ ಇಷ್ಟದ ಆಟಗಾರನ ಕಾರ್ಡ್ ಬೇಕಿತ್ತು. ಒಂದು ರಾತ್ರಿ, ಇದೇ ಕೊನೆ, ಇದೇ ಕೊನೆ ಅಂತ ಪ್ಯಾಕ್ ಕೊಳ್ಳುತ್ತಾ ಹೋದೆ. ಬೆಳಿಗ್ಗೆ ಬ್ಯಾಂಕಿನ ಮೆಸೇಜುಗಳನ್ನ ಕೂಡಿಸಿದರೆ 4,300 ರೂಪಾಯಿ. ಕಾರ್ಡ್ ಸಿಕ್ಕಿರಲಿಲ್ಲ. ಸಿಕ್ಕಿದ್ದರೂ ಮಾರೋಕೆ ಬರುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಗ ನೆನಪಾಗಿದ್ದು ಗೆಳೆಯ. ಅವನೂ ಮೊದಲ ಸಲ ಯಾರಿಗೂ ಹೇಳಿರಲಿಲ್ಲ.

ಕಾನೂನಿನ ಕಣ್ಣಲ್ಲಿ ಅವನು ಆಡಿದ್ದು ದುಡ್ಡಿನ ಆಟ. ನಾನು ಆಡಿದ್ದು? ಗೆದ್ದರೂ ದುಡ್ಡು ಬರಲ್ಲ ಅನ್ನೋ ಕಾರಣಕ್ಕೆ ಬಹುಶಃ 'ಸಾಮಾಜಿಕ ಆಟ'. ಕಾಯ್ದೆಯಲ್ಲಿ ಲೂಟ್ ಬಾಕ್ಸ್ ಅನ್ನೋ ಹೆಸರೇ ಇಲ್ಲ. 'ಬೇರೆ ಲಾಭ' ಅನ್ನೋ ಮಾತಿಗೆ ಏನರ್ಥ ಮಾಡುತ್ತಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಬೆಲ್ಜಿಯಂ 2018ರಲ್ಲೇ ಕೆಲವು ಜನಪ್ರಿಯ ಆಟಗಳ ಲೂಟ್ ಬಾಕ್ಸ್ ಜೂಜು ಅಂತ ತೀರ್ಮಾನಿಸಿತು. ಚೀನಾ 2017ರಿಂದ, ಯಾವ ವಸ್ತು ಸಿಗುವ ಸಂಭವ ಎಷ್ಟು ಅಂತ ಕಂಪನಿಗಳು ಬಹಿರಂಗ ಮಾಡಲೇಬೇಕು ಅಂದಿತು. ನಮ್ಮಲ್ಲಿ ಈ ಚರ್ಚೆ ಇನ್ನೂ ಸರಿಯಾಗಿ ಶುರುವೇ ಆಗಿಲ್ಲ.

ತೀರ್ಮಾನ ಮಾಡೋರು ಯಾರು?

ಹಾಗಂತ ಎಲ್ಲವನ್ನೂ ಬ್ಯಾನ್ ಮಾಡಿ ಅನ್ನೋ ಗುಂಪಿಗೆ ನಾನು ಸೇರಲ್ಲ. ಬ್ಯಾನ್ ಹೇಗಿರುತ್ತೆ ಅಂತ ನಾವು ನೋಡಿದ್ದೇವೆ.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಹಳೇ ಸೈಬರ್ ಕೆಫೆ ತಂಡ ಪಬ್ಜಿಯಲ್ಲಿ ಮತ್ತೆ ಸೇರಿತ್ತು. ಒಬ್ಬ ಪುಣೆ, ಒಬ್ಬ ಹಾಸನ, ಇಬ್ಬರು ಬೆಂಗಳೂರು. ರಾತ್ರಿ ಊಟ ಆದ ಮೇಲೆ ಹೆಡ್‌ಫೋನ್ ಹಾಕಿಕೊಂಡರೆ ಅರ್ಧ ಆಟ, ಅರ್ಧ ಕಷ್ಟಸುಖ. ಸೆಪ್ಟೆಂಬರ್ 2ರಂದು ಪಬ್ಜಿ ಸೇರಿ 118 ಆಪ್‌ಗಳು ಬ್ಯಾನ್ ಆದವು. ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಆಗಿ ಬಂತು. 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮಾಯವಾಯ್ತು. 2023ರ ಮೇನಲ್ಲಿ ಮತ್ತೆ ಬಂತು. ಹೋದದ್ದು ಯಾಕೆ, ಬಂದದ್ದು ಯಾಕೆ ಅಂತ ಆಡುವವರಿಗೆ ಪೂರ್ತಿ ಹೇಳಿದವರಿಲ್ಲ. ಐಟಿ ಕಾಯ್ದೆಯ 69ಎ ಕಲಮಿನಡಿ ಕೊಡುವ ತಡೆ ಆದೇಶಗಳನ್ನ ಗೌಪ್ಯವಾಗಿಡಬೇಕು ಅಂತ ನಿಯಮವೇ ಇದೆ. ಹೊಸ ಗೇಮಿಂಗ್ ಕಾಯ್ದೆಯಲ್ಲೂ ತಡೆ ಹಾಕುವ ಅಧಿಕಾರ ಇದೆ. ಅದರ ಜೊತೆಗೆ ವಾರಂಟ್ ಇಲ್ಲದೆ ಶೋಧ ಮಾಡುವ ಅಧಿಕಾರವೂ ಸೇರಿದೆ. ಯಾವುದು ಆಟ, ಯಾವುದು ಜೂಜು ಅಂತ ಒಂದು ಪ್ರಾಧಿಕಾರ ತೀರ್ಮಾನಿಸುತ್ತೆ. ಅಲ್ಲಿ ಆಡುವವರ ಪರವಾಗಿ ಕೂರೋರು ಯಾರು?

ಇಲ್ಲಿಯವರೆಗೆ ಈ ವಿಷಯದಲ್ಲಿ ಎರಡೇ ದನಿ ಕೇಳಿಸಿವೆ. ಒಂದು, ಉದ್ಯೋಗ ಹೋಗುತ್ತೆ, ತೆರಿಗೆ ಹೋಗುತ್ತೆ ಅನ್ನೋ ಕಂಪನಿಗಳದ್ದು. ಇನ್ನೊಂದು, ಮೊಬೈಲ್ ಕಂಡರೇ ಆಗದವರದ್ದು. ಮಧ್ಯೆ ನಾವು ಗೇಮರ್‌ಗಳು ಮಾಡಿದ್ದೇನು? ಯಾರಾದರೂ ಟೀಕಿಸಿದರೆ "ಇವರಿಗೆ ಗೇಮ್ ಬಗ್ಗೆ ಏನೂ ಗೊತ್ತಿಲ್ಲ" ಅಂತ ಟ್ರೋಲ್ ಮಾಡಿದ್ದು, ಬ್ಯಾನ್ ಆದರೆ ವಿಪಿಎನ್ ಹುಡುಕಿದ್ದು. ಪೆಟ್ಟಿಗೆ ತೆರೆಯುವ ವಿಡಿಯೋಗೆ ಲೈಕ್ ಒತ್ತಿದವರೂ ನಾವೇ.

ಆಟವನ್ನ ಪ್ರೀತಿಸುವವರೇ ಮೊದಲು ಕೇಳಬೇಕಾದದ್ದು ಕೆಲವಿದೆ. ದುಡ್ಡಿಗೆ ಮಾರುವ ಪ್ರತಿ ಪೆಟ್ಟಿಗೆಯ ಮೇಲೆ ಒಳಗೇನು ಸಿಗುವ ಸಂಭವ ಎಷ್ಟು ಅಂತ ಕನ್ನಡದಲ್ಲೂ ಬರೆದಿರಲಿ. ಹದಿನೆಂಟು ತುಂಬದವರಿಗೆ ಅಂಥ ಪೆಟ್ಟಿಗೆ ಮಾರಬೇಡಿ. ಒಂದು ಆಟವನ್ನ ನಿಲ್ಲಿಸಿದರೆ ಕಾರಣ ಬರೆದು ಪ್ರಕಟಿಸಿ, ಆಡುವವರಿಗೂ ಪ್ರಶ್ನಿಸುವ ಅವಕಾಶ ಕೊಡಿ. ಇವು ಮೂರೂ ಆಗದ ಕೆಲಸ ಅಲ್ಲ.

ಇನ್ನು ನಿಮ್ಮ ಮಟ್ಟಿಗೆ, ಯಾವ ಗೇಮ್ ಆಡುವಾಗಲೂ ಒಂದು ಪ್ರಶ್ನೆ ಸಾಕು: ಸೋತಾಗ ಏನಾಗುತ್ತೆ? ನಮ್ಮ ಸೈಬರ್ ಕೆಫೆಯಲ್ಲೂ ಪಣ ಇತ್ತು, ಐದು ಟೀ. ಸೋತವನು ಟೀ ಕೊಡಿಸಿ, ಬೈಸಿಕೊಂಡು, ಎಲ್ಲರ ಜೊತೆ ಕೂತು ಕುಡಿಯುತ್ತಿದ್ದ. ರಮ್ಮಿಯಲ್ಲಿ ಸೋತ ಗೆಳೆಯ, ಪ್ಯಾಕ್ ಕೊಂಡು ಸೋತ ನಾನು, ಇಬ್ಬರೂ ಸೋತದ್ದನ್ನ ಮುಚ್ಚಿಟ್ಟು ಒಬ್ಬೊಬ್ಬರೇ ಕೂತಿದ್ದೆವು.

ಅವನು ಸಾಲ ತೀರಿಸಿದ್ದಾನೆ. ಈಗ ಭಾನುವಾರ ರಾತ್ರಿ ಮತ್ತೆ ಕೌಂಟರ್-ಸ್ಟ್ರೈಕ್ ಆಡುತ್ತೇವೆ. ಬಂದೂಕಿಗೆ ಬಣ್ಣ ಇಲ್ಲ, ಪೆಟ್ಟಿಗೆ ತೆರೆಯಲ್ಲ ಅಂತ ಒಪ್ಪಂದ. ಮೊನ್ನೆ ಸೋತದ್ದು ನಾನು. ಟೀ ಬಾಕಿ ಇದೆ.