ಗಾಡಿಯ ಹೊಟ್ಟೆ ನೋಡುವವರು

ಸಕಲೇಶಪುರದಿಂದ ಮೂಡಿಗೆರೆ ಕಡೆ ಹೋಗುವ ರಸ್ತೆಯ ಪಕ್ಕ ತಗಡು ಹೊದಿಸಿದ ಒಂದು ಗ್ಯಾರೇಜಿದೆ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಅಲ್ಲಿನ ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ರಿಪೇರಿ ಕೆಲಸವನ್ನೆಲ್ಲ ಹುಡುಗರಿಗೆ ಬಿಟ್ಟಿದ್ದಾರೆ. ಅವರನ್ನು ಹುಡುಕಿಕೊಂಡು ಜನ ಬರುವುದು ಬೇರೆ ಕೆಲಸಕ್ಕೆ. ಬಾವಿ ತೋಡುವ ಮೊದಲು ನೀರು ನೋಡುವವರನ್ನು ಕರೆಯುತ್ತಾರಲ್ಲ, ಹಾಗೆ ಸೆಕೆಂಡ್ ಹ್ಯಾಂಡ್ ಫೋರ್‌ವೀಲ್ ಪಿಕಪ್ ಕೊಳ್ಳುವವರು ಈ ಮೇಸ್ತ್ರಿಯನ್ನು ಕರೆದೊಯ್ಯುತ್ತಾರೆ. ಜೊತೆಗೆ ಹೋಗುವ ಸಾಮಾನು ಇಷ್ಟೇ: ಮಡಚಿದ ಗೋಣಿಚೀಲ, ಟಾರ್ಚು, ಒಂದು ಸ್ಕ್ರೂಡ್ರೈವರು, ಜೇಬಿನಲ್ಲಿ ಬೆರಳಗಲದ ಅಯಸ್ಕಾಂತ.

ಇಂಥ ಮೇಸ್ತ್ರಿಗಳು ಮಲೆನಾಡಿನ ಪ್ರತಿ ಪೇಟೆಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಇವರ ವಿದ್ಯೆಗೆ ಹೆಸರಿಲ್ಲ, ಸರ್ಟಿಫಿಕೇಟೂ ಇಲ್ಲ. ಆದರೆ ಇವರು ತಲೆಯಾಡಿಸದೆ ಇಲ್ಲಿನ ತೋಟದ ಗೇಟಿನೊಳಗೆ ಹಳೆ ಗಾಡಿ ಬರುವುದು ಅಪರೂಪ.

ಮಲೆನಾಡಿಗೂ ಜೀಪಿಗೂ ಇರುವ ನಂಟು ಹಳೆಯದು. ಮಹೀಂದ್ರದವರು 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದರು. ಆ ಜೀಪಿನ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಕೊಡಚಾದ್ರಿಗೆ, ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏದುಸಿರು ಬಿಡುತ್ತಿದ್ದಾರೆ. ಆದರೆ ಜೀಪಿನಲ್ಲಿ ಜನ ಹಿಡಿಸುತ್ತಾರೆ, ಸಾಮಾನು ಹಿಡಿಸುವುದಿಲ್ಲ. ಗೊಬ್ಬರದ ಚೀಲ, ಕಾಫಿ ಮೂಟೆ, ಸುಟ್ಟುಹೋದ ಪಂಪ್‌ಸೆಟ್ಟು, ಇವಕ್ಕೆ ತೊಟ್ಟಿ ಬೇಕು. ಮಕ್ಕಳನ್ನು ಶಾಲೆಗೆ ಬಿಡಲು, ಮದುವೆಗೆ ಹೋಗಲು ನಾಲ್ಕು ಬಾಗಿಲೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಕೆಂಪು ಮಣ್ಣು ಬೆಣ್ಣೆಯಾದಾಗ ನಾಲ್ಕೂ ಚಕ್ರ ಎಳೆಯಬೇಕು. ಈ ಮೂರೂ ಒಂದರಲ್ಲೇ ಇರುವ ಗಾಡಿಗಳು ನಮ್ಮಲ್ಲಿ ಕೈಬೆರಳಲ್ಲಿ ಎಣಿಸುವಷ್ಟು.

ಬೊಲೆರೊ ಕ್ಯಾಂಪರ್‌ನ ಫೋರ್‌ವೀಲ್ ಮಾದರಿ ಅವುಗಳಲ್ಲಿ ಬಡವರ ಬಂಧು. ಸೌಖ್ಯ ಕೇಳಬಾರದು, ಆದರೆ ಬಿಡಿಭಾಗ ಹೋಬಳಿ ಮಟ್ಟದಲ್ಲೂ ಸಿಗುತ್ತದೆ. ಸ್ಕಾರ್ಪಿಯೊ ಗೆಟ್‌ಅವೇ, ಟಾಟಾ ಝೆನಾನ್ ಎರಡೂ ಒಳ್ಳೆಯ ಗಾಡಿಗಳೇ. ಈಗ ತಯಾರಾಗುತ್ತಿಲ್ಲವಾದ್ದರಿಂದ ಕಡಿಮೆಗೆ ಸಿಗುತ್ತವೆ, ಬಿಡಿಭಾಗಕ್ಕೆ ಅಲೆಸುತ್ತವೆ. 2016ರಲ್ಲಿ ಆಂಧ್ರದ ಶ್ರೀಸಿಟಿಯ ಕಾರ್ಖಾನೆಯಿಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಹೊರಬಂತು. 2.5 ಲೀಟರ್ ಡೀಸೆಲ್ ಎಂಜಿನ್, ಆಗಿನ ಬೆಲೆ 12.5 ಲಕ್ಷದ ಆಸುಪಾಸು. ಪ್ಲಾಂಟರುಗಳ ಮನೆಯಂಗಳದಲ್ಲಿ ಅದು ಸಾಲಾಗಿ ಕಾಣಿಸಿಕೊಂಡದ್ದು ಆಮೇಲೆಯೇ. 2022ರಲ್ಲಿ ನಮ್ಮ ಬಿಡದಿಯಲ್ಲೇ ತಯಾರಾದ ಟೊಯೊಟ ಹೈಲಕ್ಸ್ 34 ಲಕ್ಷದ ಹತ್ತಿರ ಬೆಲೆ ಹೊತ್ತು ಬಂತು. ಹೊಸ ಹೈಲಕ್ಸ್ ಬೆಲೆ ಕೇಳಿದವರಲ್ಲಿ ಹಲವರು ಹಳೆ ವಿ-ಕ್ರಾಸ್ ಹುಡುಕಲು ಹೊರಟರು ಎಂದರೆ ಯಾರೂ ಅಲ್ಲಗಳೆಯಲಾರರು.

ಕೊಳ್ಳುವ ಮುಂಚೆ ಒಂದು ಟೇಪು ಹಿಡಿದು ತೋಟದ ತಿರುವುಗಳನ್ನು ಅಳೆಯುವುದು ಒಳ್ಳೆಯದು. ಹೈಲಕ್ಸ್, ವಿ-ಕ್ರಾಸ್ ಎರಡೂ 5 ಮೀಟರ್ ದಾಟಿದ ಉದ್ದದವು. ಜೀಪು ಒಂದೇ ಸುತ್ತಿಗೆ ತಿರುಗುವ ಕಡೆ ಇವು ಹಿಂದೆ ಮುಂದೆ ಎರಡು ಸಲ ಆಡಬೇಕು.

ಇನ್ನು ಮೇಸ್ತ್ರಿ ಗಾಡಿ ನೋಡುವ ಕ್ರಮ. ಅವರು ಮೊದಲು ನೋಡುವುದು ಗಾಡಿಯನ್ನೇ ಅಲ್ಲ, ಮಾರುವವನ ಮನೆಗೆ ಹೋಗುವ ದಾರಿಯನ್ನು. ಕಾಂಕ್ರೀಟ್ ರಸ್ತೆಯ ತುದಿಯಲ್ಲಿರುವ ಮನೆಯಾದರೆ ಒಂದು ಬಗೆಯ ಅನುಮಾನ, ಕಲ್ಲುಕೊರಕಲಿನ ಆಚೆಯ ಮನೆಯಾದರೆ ಇನ್ನೊಂದು ಬಗೆಯದು. ಪೇಟೆಯ ಗಾಡಿಯಲ್ಲಿ ಫೋರ್‌ವೀಲ್ ಲಿವರ್ ವರ್ಷಗಟ್ಟಲೆ ಅಲುಗಿರುವುದಿಲ್ಲ. ಬಳಸದ ಬೀಗದಂತೆ ಒಳಗೇ ಹಿಡಿದುಕೊಂಡಿರುತ್ತದೆ. ತೋಟದ ಗಾಡಿಯಲ್ಲಿ ಅದು ಚೆನ್ನಾಗಿ ಪಳಗಿರುತ್ತದೆ, ಆದರೆ ಚಾಸಿಯ ಸಂದುಗಳಲ್ಲಿ ಕೂತ ಕೆಸರು ಒಳಗಿಂದೊಳಗೇ ತಿನ್ನುತ್ತಿರುತ್ತದೆ. ಕಡಲ ತೀರದ ಗಾಡಿಯಾದರೆ ಉಪ್ಪುಗಾಳಿ ಬೇರೆ. ಗುಡ್ಡಕ್ಕೆ ಪ್ರವಾಸಿಗರನ್ನು ಹೊಡೆದ ಗಾಡಿ, ಆಫ್‌ರೋಡ್ ರ್‍ಯಾಲಿಗೆ ಹೋದ ಗಾಡಿ ಎಂದು ಗೊತ್ತಾದರೆ ಮೇಸ್ತ್ರಿ ಚಹಾ ಕುಡಿದು ಎದ್ದುಬರುತ್ತಾರೆ.

ಎದ್ದುಬರಲಿಲ್ಲವೆಂದರೆ ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಮಲಗುತ್ತಾರೆ. ಬಾನೆಟ್ಟು ತೆರೆಯುವುದು, ಸೀಟು ಒತ್ತುವುದು, ಪಾಲಿಶ್ ಮೆಚ್ಚುವುದು ಎಲ್ಲ ಆಮೇಲೆ. ಕೆಳಗೆ ಟಾರ್ಚಿನ ಬೆಳಕು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹರಿಯುತ್ತದೆ. ಚಾಸಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾರೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಉತ್ತರಿಸುತ್ತದೆ. ವೆಲ್ಡಿಂಗ್ ಮಾಡಿದ ಗಾಯಗಳನ್ನು ಬೆರಳಿನಿಂದಲೇ ಓದುತ್ತಾರೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳಲ್ಲಿ ಒಂದೆರಡು ಹೆಚ್ಚಾಗಿ ಸೇರಿಸಿದ್ದರೆ ಗಾಡಿ ಮಿತಿಮೀರಿ ಹೊತ್ತಿದೆ ಎಂದರ್ಥ. ಪ್ರೊಪೆಲ್ಲರ್ ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ತಿರುಚುತ್ತಾರೆ. ಕಟಕ್ ಅಂದರೆ ಕ್ರಾಸ್ ಸವೆದಿದೆ.

ನನಗೆ ಅತ್ಯಂತ ಇಷ್ಟವಾದದ್ದು ಇದರ ಮುಂದಿನ ಹಂತ. ಹಿಂದಿನ ಹೌಸಿಂಗಿನ, ಅಂದರೆ ಡಿಫರೆನ್ಷಿಯಲ್ ಇರುವ ಆ ಕುಂಬಳಕಾಯಿಯಂಥ ಉಬ್ಬಿನ ಬೋಲ್ಟ್ ಬಿಚ್ಚಿ, ಕಿರುಬೆರಳು ತೂರಿಸಿ, ಹೊರತೆಗೆದು ಬೆಳಕಿಗೆ ಹಿಡಿಯುತ್ತಾರೆ. ಎಣ್ಣೆ ಜೇನಿನ ಬಣ್ಣಕ್ಕೋ ಕಪ್ಪಿಗೋ ಇದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ: ಗಾಡಿ ಹೊಳೆಗೆ ಇಳಿದದ್ದುಂಟು, ಆಮೇಲೆ ಯಾರೂ ಎಣ್ಣೆ ಬದಲಿಸಿಲ್ಲ. ಕಾಫಿ ಸೀಮೆಯಲ್ಲಿ ಈ ಬಣ್ಣ ಗುರುತಿಸಲು ಯಾರಿಗೂ ಹೇಳಿಕೊಡಬೇಕಿಲ್ಲ. ಬೆರಳಿನಲ್ಲಿ ಮಿನುಗುವ ಪುಡಿ ಅಂಟಿಬಂದರೆ ಒಳಗೆ ಹಲ್ಲುಗಳು ಸವೆಯುತ್ತಿವೆ. ಒಡೆಯ ಎಷ್ಟು ಆಣೆ ಇಟ್ಟರೂ ಆ ಒಂದು ಬೆರಳಿನ ಸಾಕ್ಷಿಯ ಮುಂದೆ ನಿಲ್ಲುವುದಿಲ್ಲ.

ಮೇಲೆದ್ದ ಮೇಲೆ ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೀಟರ್ ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು ನಾಲ್ಕೂ ಟೈರು ಎರಡನೆಯ ಸಲ ಬದಲಾಗಿದ್ದರೆ ಮೀಟರೇ ಸುಳ್ಳು ಹೇಳುತ್ತಿದೆ. ಫೋರ್‌ವೀಲ್ ಗಾಡಿಯಲ್ಲಿ ನಾಲ್ಕು ಟೈರೂ ಒಂದೇ ಅಳತೆಯದು, ಹೆಚ್ಚುಕಡಿಮೆ ಒಂದೇ ಸವೆತದ್ದು ಆಗಿರಬೇಕು. ಹಿಂದೆ ಮುಂದೆ ಬೇರೆ ಬೇರೆ ಇದ್ದರೆ ಫೋರ್‌ವೀಲ್ ಹಾಕಿದಾಗಲೆಲ್ಲ ಎರಡು ಆ್ಯಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಗೇರುಗಳನ್ನು ಕೊಲ್ಲುತ್ತವೆ. ಗಾಜಿನ ಮೇಲೂ ತಯಾರಿಕೆಯ ವರ್ಷದ ಗುರುತಿರುತ್ತದೆ. ಆರು ಗಾಜು ಒಂದು ವರ್ಷದ್ದು, ಒಂದು ಮಾತ್ರ ಇನ್ನೊಂದು ವರ್ಷದ್ದಾದರೆ ಆ ಬದಿಗೆ ಏನಾಯಿತೆಂದು ಕೇಳಬೇಕು. ಅಯಸ್ಕಾಂತ ಹೊರಬರುವುದು ಆಗ. ಪುಟ್ಟಿ ತುಂಬಿದ ಕಡೆ ಅದು ಹಿಡಿಯದೆ ಜಾರುತ್ತದೆ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನಾವು ತಲುಪುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ನಗುತ್ತಾರೆ. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ಬಿಚ್ಚಿ ಹೊಗೆ ಎಷ್ಟು ಒದ್ದುಬರುತ್ತದೆ ನೋಡುತ್ತಾರೆ. ಗ್ಯಾರೇಜಿನ ಭಾಷೆಯಲ್ಲಿ ಅದು ಬ್ಯಾಕ್ ಕಂಪ್ರೆಶನ್. ಜೋರಾಗಿ ಒದ್ದರೆ ಎಂಜಿನ್ ಕೆಲಸ ಕಾದಿದೆ.

ಕಡೆಯದು ಲಿವರಿನ ಪರೀಕ್ಷೆ. ಇದರಲ್ಲಿ ನಾನು ಏಟು ತಿಂದವನು. ಕೆಲವು ವರ್ಷದ ಹಿಂದೆ ಮೇಸ್ತ್ರಿಯನ್ನು ಕೇಳದೆ ಬೆಂಗಳೂರಿನಲ್ಲಿ ಒಂದು ಪಿಕಪ್ ಕೊಂಡೆ. ಡಾಂಬರು ರಸ್ತೆಯ ಮೇಲೆ ನಿಂತು ಫೋರ್‌ವೀಲ್ ಹಾಕಿದೆ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹತ್ತಿತು, ದುಡ್ಡು ಎಣಿಸಿದೆ. ಮೊದಲ ಜೂನ್‌ನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಹಳ್ಳದ ಏರು ಹತ್ತುವಾಗ ಹಿಂದಿನ ಚಕ್ರಗಳು ಗಿರಗಿರ ತಿರುಗಿದವು, ಮುಂದಿನವು ಬೇಲಿ ಗೂಟದ ಹಾಗೆ ನಿಂತಿದ್ದವು. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ಪಕ್ಕದ ತೋಟದ ಟ್ರ್ಯಾಕ್ಟರು ಬಂದು ಎಳೆಯುವಷ್ಟರಲ್ಲಿ ನನ್ನ ಎರಡೂ ಕಾಲಿಗೆ ಇಂಬಳ ಹತ್ತಿತ್ತು. ಮುಂದಿನ ಹಬ್‌ಗಳನ್ನು ಲಾಕ್ ಮಾಡುವ ವ್ಯಾಕ್ಯೂಮ್ ಪೈಪು ಒಣಗಿ ಸೀಳಿತ್ತು, ಅಷ್ಟೇ. "ದೀಪ ಬಂದ್ರೆ ಚಕ್ರ ಬಂದಂಗಲ್ಲ ಗೌಡ್ರೇ" ಅಂದರು ಮೇಸ್ತ್ರಿ, ಅರ್ಧ ಮೊಳ ರಬ್ಬರು ಕತ್ತರಿಸಿ ಹಾಕುತ್ತಾ.

ಸರಿಯಾದ ಪರೀಕ್ಷೆ ಸಡಿಲ ಮಣ್ಣಿನ ಬಯಲಿನಲ್ಲಿ. ಫೋರ್ ಹೈ ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ನಿಧಾನವಾಗಿ ಸುತ್ತು ಹಾಕಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಮುಂದಿನ ಆ್ಯಕ್ಸಲ್ ನಿಜವಾಗಿ ಸೇರಿಕೊಂಡಿದ್ದರೆ ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದಂತೆ ಬಿಗಿಯಾಗುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಆ ಬಿಗಿ ಸಡಿಲುತ್ತದೆ, ಒಣ ಡಾಂಬರಿನಲ್ಲಿ ಸಡಿಲುವುದಿಲ್ಲ. ಅದಕ್ಕೇ ಅಲ್ಲಿ ಫೋರ್‌ವೀಲ್ ಹಾಕಬಾರದು ಅನ್ನುವುದು. ಆಮೇಲೆ ನಿಂತು, ನ್ಯೂಟ್ರಲ್‌ಗೆ ತಂದು, ಫೋರ್ ಲೋ. ಚಕ್ರಕ್ಕೆ ಸಿಗುವ ಎಳೆತ ಸುಮಾರು ಎರಡೂವರೆ ಪಟ್ಟು ಆಗುತ್ತದೆ, ವೇಗ ಅಷ್ಟೇ ಇಳಿಯುತ್ತದೆ. ಏರಿನಲ್ಲಿ ಕ್ಲಚ್ ಬಿಟ್ಟರೆ ಆಕ್ಸಿಲರೇಟರ್ ಒತ್ತದೆಯೂ ಗಾಡಿ ತೆವಳಬೇಕು. ಲಿವರ್ ಜಿಗಿದು ಹೊರಬಂದರೆ ಅಥವಾ ಒಳಗೆ ಕರಕರ ಅಂದರೆ ವ್ಯಾಪಾರ ಅಲ್ಲಿಗೆ ಮುಗಿಯಿತು.

2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಿಗೆ ಇನ್ನೊಂದು ತಕರಾರು ಇದೆ. ಹೊಗೆಯ ಮಸಿ ಹಿಡಿದಿಡುವ ಅವುಗಳ ಫಿಲ್ಟರು ಆಗಾಗ ಹೈವೇಯಲ್ಲಿ ಒಂದಿಷ್ಟು ದೂರ ಒಂದೇ ಸಮನೆ ಓಡಿದರೆ ತಾನೇ ಸುಟ್ಟು ಶುಚಿಯಾಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ಲೈನ್‌ಮನೆಗೆ ಮೊದಲ ಗೇರಿನಲ್ಲೇ ಓಡಾಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಚೆನ್ನಾಗಿಟ್ಟ ಬಿಎಸ್-4 ಸಿಕ್ಕರೆ ಮೇಸ್ತ್ರಿಗೆ ಅದೇ ಪ್ರೀತಿ, ನನಗೂ.

ಕಾಗದದ ಕೆಲಸ ಮೇಸ್ತ್ರಿಯದಲ್ಲ, ನಮ್ಮದು. ಬಿಳಿ ಬೋರ್ಡೋ ಹಳದಿ ಬೋರ್ಡೋ ಎಂಬುದು ಮೊದಲ ಪ್ರಶ್ನೆ. ಹಳದಿಯಾದರೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು. ಬಿಳಿಯಾದರೆ 15 ವರ್ಷ ನೆಮ್ಮದಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು; ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬರುವ ಮೊದಲು ಟೋಕನ್ ಕೊಡಬೇಡಿ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿದ ಮೇಲೆ ಅಲ್ಲಿನ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದವು. ಆದರೆ ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ನಿಂತರೆ ಕೆಎ ನಂಬರ್ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಆ ಲೆಕ್ಕ ಸೇರಿಸಿದರೆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಎಂಜಿನ್ ಬದಲಿಸಿದ, ಮೈ ಕತ್ತರಿಸಿ ಜೋಡಿಸಿದ ಗಾಡಿಯಾದರೆ ಆರ್‌ಸಿಗೂ ಗಾಡಿಗೂ ತಾಳೆಯಾಗಬೇಕು. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಮಾರುವವರಿಗೂ ಒಂದು ಮಾತಿದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರ ಅವನ ಕೊರಳಿಗೇ ಎಂಬುದು 2018ರ ಸುಪ್ರೀಂ ಕೋರ್ಟ್ ತೀರ್ಪು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗಿತ್ತು ಮರೆಯುವುದು ನಮ್ಮ ಕಡೆಯ ಹಳೇ ರೋಗ. ಕೊಂಡವನು 30 ದಿನದೊಳಗೆ ಹೆಸರು ಬದಲಿಸಿಕೊಂಡನೋ ಇಲ್ಲವೋ ಎಂಪರಿವಾಹನ್ ಆ್ಯಪಿನಲ್ಲಿ ನೀವೇ ನೋಡಿಕೊಳ್ಳಿ.

ಮೇಸ್ತ್ರಿ ಇದಕ್ಕೆಲ್ಲ ತೆಗೆದುಕೊಳ್ಳುವುದು ಒಂದು ದಿನದ ಕೂಲಿ, ಮಧ್ಯಾಹ್ನದ ಊಟ. ನಿಮ್ಮೂರಿನಲ್ಲಿ ಅಂಥವರು ಇಲ್ಲದಿದ್ದರೆ ಗಾಡಿ ನೋಡಲು ಹೋಗುವ ದಿನ ಬಿಳಿ ಅಂಗಿ ಹಾಕಬೇಡಿ, ಒಂದು ಹಳೆ ಗೋಣಿಚೀಲ ಮರೆಯದೆ ಒಯ್ಯಿರಿ.