ಗುಡ್ಡೆ ಮಾಂಸ: ಕೊಳ್ಳುವವರೇ ಪಾಲುದಾರರಾದಾಗ

ಬದನೆಕಾಯಿಯಾದರೆ ಕೈಯಲ್ಲಿ ತಿರುಗಿಸಿ ನೋಡಿ ಹುಳುಕಿದ್ದನ್ನು ಪಕ್ಕಕ್ಕಿಡಬಹುದು. ತುಂಡು ಮಾಡಿಟ್ಟ ಮಾಂಸಕ್ಕೆ ಅಂಥ ಪರೀಕ್ಷೆ ಇಲ್ಲ. ಕುರಿಯದೋ ಮೇಕೆಯದೋ, ಎಳೆಯದೋ ಬಲಿತದ್ದೋ, ಬೆಳಗ್ಗೆ ಕೊಯ್ದದ್ದೋ ನಿನ್ನೆ ಉಳಿದದ್ದೋ, ಕೊಯ್ಯುವಾಗ ಪ್ರಾಣಿ ಗಟ್ಟಿಮುಟ್ಟಾಗಿತ್ತೋ ಇಲ್ಲವೋ ಎಂಬುದೆಲ್ಲ ಮಾರುವವನಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಮನೆಯವರು ಎಲ್ಲಿಂದ ತರುವುದು ಎಂಬುದನ್ನು ಮೊದಲು ತೀರ್ಮಾನಿಸುತ್ತಾರೆ, ಯಾವ ಭಾಗ ಎಂಬುದು ಆಮೇಲಿನ ಮಾತು. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳು. ಇಷ್ಟು ದೊಡ್ಡ ಸಮುದಾಯ ವಾರವಾರವೂ ಎದುರಿಸುವ ಈ ಪ್ರಶ್ನೆಗೆ ಹಳೇ ಮೈಸೂರು ಸೀಮೆಯ ಹಳ್ಳಿಗಳು ಕಂಡುಕೊಂಡ ಉತ್ತರ ಗುಡ್ಡೆ ಮಾಂಸ. ಅದನ್ನು ಹಬ್ಬದ ಗದ್ದಲವೆಂದು ನೋಡಿ ಬಿಟ್ಟವರೇ ಹೆಚ್ಚು. ಅದು ಚೆನ್ನಾಗಿ ಯೋಚಿಸಿ ಕಟ್ಟಿದ ಒಂದು ಸಂಸ್ಥೆ ಎಂಬುದು ನನ್ನ ವಾದ.

ಕ್ರಮ ಸರಳವಾದದ್ದು. ಬೀದಿಯ ಎಂಟು ಹತ್ತು ಮನೆಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಒಟ್ಟಾಗಿ ಒಂದೋ ಎರಡೋ ಟಗರು ತರುತ್ತವೆ. ಸಂತೆಯಲ್ಲಿ ಹಿಡಿಯುವುದುಂಟು, ಊರಲ್ಲೇ ಸಾಕಿದವರಿಂದ ಕೊಳ್ಳುವುದೂ ಉಂಟು. ಯುಗಾದಿಯ ಒಬ್ಬಟ್ಟಿನ ಮರುದಿನ ಬರುವ ವರ್ಷತೊಡಕು ಇದರ ದೊಡ್ಡ ದಿನ. ಮಹಾಲಯ ಅಮಾವಾಸ್ಯೆಗೂ ಮಾರಿಹಬ್ಬಕ್ಕೂ ಗುಡ್ಡೆ ಬೀಳುತ್ತದೆ. ಬೆಳಗಿನ ಜಾವ ಕೊಯ್ದು, ಸುಲಿದು, ತುಂಡು ಮಾಡಿ, ಹಾಸಿದ ಬಾಳೆ ಎಲೆಯ ಮೇಲೋ ತಾಡಪಾಲಿನ ಮೇಲೋ ಪಾಲಿಗೊಂದರಂತೆ ಗುಡ್ಡೆ ಹಾಕುತ್ತಾರೆ. ತೊಡೆ, ಪಕ್ಕೆ, ಮೂಳೆ, ನೆಣ, ಲಿವರ್ ಎಲ್ಲವೂ ಎಲ್ಲ ಗುಡ್ಡೆಗೂ ಸೇರಬೇಕು. ಒಂದರಲ್ಲಿ ಮೂಳೆ ಹೆಚ್ಚಾಯಿತೆಂದು ಯಾರಾದರೂ ಅಂದರೆ ಎರಡು ತುಂಡು ಅತ್ತಿಂದಿತ್ತ ಹೋಗುತ್ತವೆ. ತಲೆಕಾಲು, ಬೋಟಿ, ಚರ್ಮದ ಲೆಕ್ಕ ಊರಿನ ರೂಢಿಯಂತೆ ಬೇರೆ. ಹಬ್ಬಕ್ಕಾಗಿ ತಿಂಗಳುಗಟ್ಟಲೆ ಚೀಟಿ ಕಟ್ಟಿ ಹಣ ಕೂಡಿಸುವ ಗುಂಪುಗಳೂ ಇವೆ. ಒಮ್ಮೆಗೇ ಅಷ್ಟು ದುಡ್ಡು ಹೊಂದಿಸಲಾಗದ ಮನೆಯ ಒಲೆಯ ಮೇಲೂ ಅಂದು ಬಾಡಿನ ಸಾರು ಕುದಿಯುವುದು ಇದರಿಂದಲೇ.

ಇಲ್ಲಿ ಮೋಸಕ್ಕೆ ಎಡೆ ಕಡಿಮೆ. ಜನ ಹೆಚ್ಚು ಒಳ್ಳೆಯವರೆಂದು ಹಾಗಲ್ಲ, ಮೋಸದಿಂದ ಲಾಭ ಪಡೆಯಬೇಕಾದ ಮಾರಾಟಗಾರನೇ ಇಲ್ಲವೆಂದು. ಟಗರನ್ನು ಆರಿಸಿದವರ ಮನೆಗೂ ಅದೇ ಮಾಂಸ ಹೋಗುತ್ತದೆ. ಅವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಕುರಿಗೆ ಮುಂದಿನ ಹಲ್ಲುಗಳಿರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಮೂಡುವುದು ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು ಎಂಬ ಮಾತಿನಲ್ಲಿ ವಯಸ್ಸೂ, ಮಾಂಸ ಎಷ್ಟು ಹೊತ್ತಿಗೆ ಬೇಯುತ್ತದೆ ಎಂಬ ಅಂದಾಜೂ ಇರುತ್ತವೆ. ಬೆನ್ನಿನ ಮೇಲೆ ಕೈ ಒತ್ತಿ ಮೈ ತುಂಬಿದೆಯೇ ಎಂದು ನೋಡುತ್ತಾರೆ. ಜೀವತೂಕದ ಅರ್ಧಕ್ಕಿಂತ ತುಸು ಕಡಿಮೆಯೇ ಮಾಂಸವಾಗಿ ಉಳಿಯುವುದರಿಂದ ಈ ಅಂದಾಜು ತಪ್ಪಿದರೆ ಎಲ್ಲರ ಗುಡ್ಡೆಯೂ ಸಣ್ಣದಾಗುತ್ತದೆ. ಮಳವಳ್ಳಿ ಸೀಮೆಯ ಬಂಡೂರು ಕುರಿಗೆ ಇಂದಿಗೂ ಇರುವ ಮರ್ಯಾದೆ ಇಂಥ ಕೈಗಳು ಕೊಟ್ಟದ್ದು.

ಪೇಟೆಯ ಮಟನ್ ಅಂಗಡಿಯೂ ಇದೇ ನಂಬಿಕೆಯನ್ನು ಬೇರೆ ದಾರಿಯಲ್ಲಿ ಗಳಿಸಬೇಕು. ಇಡೀ ಕುರಿಯನ್ನು ಕೊಕ್ಕೆಗೆ ತೂಗುಹಾಕುವುದು, ತಲೆಯನ್ನು ಕಾಣುವಂತೆ ಇಡುವುದು, ಗಿರಾಕಿ ತೋರಿಸಿದ ಜಾಗದಿಂದಲೇ ಕತ್ತರಿಸುವುದು, ಕೋಳಿಯಾದರೆ ಎದುರಿಗೇ ಕೊಯ್ಯುವುದು, ಇವೆಲ್ಲ ಕೊಳ್ಳುವವರನ್ನು ಸಾಕ್ಷಿಯಾಗಿಸುವ ಬಗೆಗಳು. ಮನೆಗಳು ಒಂದೇ ಅಂಗಡಿಗೆ ವರ್ಷಗಟ್ಟಲೆ ಹೋಗುವುದೂ ಲೆಕ್ಕಾಚಾರದಿಂದಲೇ: ಒಂದು ಭಾನುವಾರ ಕೆಟ್ಟ ಮಾಂಸ ಕೊಟ್ಟರೆ ಮುಂದಿನ ಭಾನುವಾರಗಳೆಲ್ಲ ಕೈತಪ್ಪುತ್ತವೆ ಎಂಬ ಎಚ್ಚರ ಅಂಗಡಿಯವನಿಗೆ ಇರಲಿ ಎಂದು. 2022ರ ಯುಗಾದಿ ಹೊತ್ತಿಗೆ ಹಲಾಲ್–ಜಟ್ಕಾ ವಿವಾದ ಎದ್ದಾಗ, ಮಾಂಸ ಎಲ್ಲಿ ಕೊಳ್ಳಬೇಕೆಂದು ಹೊರಗಿನವರು ಹೇಳಹೊರಟರು. ಕೊಯ್ಯುವ ವಿಧಿ ಶ್ರದ್ಧೆಯ ವಿಷಯ, ಅದನ್ನು ಪಾಲಿಸುವ ಮನೆಗೆ ಅದು ಮುಖ್ಯವೇ. ಆದರೆ ಮಾಂಸ ತಾಜಾ ಇದೆಯೇ, ತೂಕ ಸರಿಯಿದೆಯೇ ಎಂಬುದಕ್ಕೆ ವರ್ಷಗಳ ವ್ಯವಹಾರ ಕೊಡುವ ಪ್ರಮಾಣವನ್ನು ಯಾವ ಘೋಷಣೆಯೂ ಕೊಡಲಾರದು.

ಶೀತಲ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಬರುವ ಮಾಂಸವೇ ಶುದ್ಧವಲ್ಲವೇ ಎಂದು ಕೇಳಬಹುದು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಲಿಶಿಯಸ್‌ನಂಥ ಕಂಪನಿಗಳು ನಗರದ ಅನೇಕ ಮನೆಗಳ ಅಭ್ಯಾಸ ಬದಲಿಸಿವೆ, ತಂಪಿನಲ್ಲಿಟ್ಟ ಮಾಂಸದ ಪರವಾಗಿ ವಿಜ್ಞಾನವೂ ಇದೆ. ಕೊಯ್ದ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ, ಆಗ ಬೇಯಿಸಿದರೆ ನಾರುನಾರು. ತಂಪಿನಲ್ಲಿ ಒಂದೆರಡು ದಿನ ಇಟ್ಟರೆ ಮತ್ತೆ ಮೆದುವಾಗುತ್ತದೆ. ಗುಡ್ಡೆಯ ದಾರಿ ಇದಕ್ಕೆ ತದ್ವಿರುದ್ಧ, ಆದರೂ ಅಷ್ಟೇ ಸರಿ: ಸೆಟೆಯುವ ಮೊದಲೇ ಮಾಂಸ ಒಲೆಗೇರುತ್ತದೆ. ಇವೆರಡರ ನಡುವೆ, ಬೇಸಿಗೆಯ ಮಧ್ಯಾಹ್ನದವರೆಗೆ ಬಿಸಿಲು ನೊಣಗಳ ನಡುವೆ ತೂಗುವ ಅಂಗಡಿ ಮಾಂಸಕ್ಕೆ ಎರಡರ ಗುಣವೂ ಇಲ್ಲ. ಬೆಳಗ್ಗೆ ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ ಎಂಬ ಮನೆಮನೆಯ ಅನುಭವ ಸರಿಯಾದದ್ದೇ.

ಹೆಚ್ಚು ನೋಯಿಸುವ ಆಕ್ಷೇಪ ಇನ್ನೊಂದು. ಗುಡ್ಡೆಯ ನಂಬಿಕೆ ಬೀದಿಯ, ಹಲವು ಕಡೆ ಜಾತಿಯ ಗೆರೆಯೊಳಗಿನ ನಂಬಿಕೆ. ಕೇರಿಯ ಗುಡ್ಡೆ ಬೇರೆ, ಊರಿನ ಗುಡ್ಡೆ ಬೇರೆ. ಒಂದೇ ಸಂತೆಯ ಟಗರು, ಒಂದೇ ಬಗೆಯ ಸಾರು, ಹಾಗಿದ್ದೂ ಎಲೆಗಳನ್ನು ಒಂದೇ ಕಡೆ ಹಾಸಲಾಗದು ಎನ್ನುವುದನ್ನು ಸಮರ್ಥಿಸಿಕೊಳ್ಳಲು ಬರುವುದಿಲ್ಲ. ಹಣ ಕೊಟ್ಟ ಯಾರಿಗೂ ಒಂದೇ ತಕ್ಕಡಿಯಲ್ಲಿ ತೂಗುವ ಪೇಟೆಯ ಅಂಗಡಿ ಈ ವಿಷಯದಲ್ಲಿ ಗುಡ್ಡೆಗಿಂತ ಮೇಲು. ಪಾಲಿನ ಲೆಕ್ಕದಲ್ಲಿ ಇಷ್ಟು ನ್ಯಾಯ ಕಲಿತ ವ್ಯವಸ್ಥೆ ಪಾಲುದಾರರನ್ನು ಸೇರಿಸಿಕೊಳ್ಳುವುದರಲ್ಲಿ ಅದನ್ನು ಕಲಿಯದಿರುವುದು ಅದರ ದೊಡ್ಡ ಕೊರತೆ.

ಉಳಿದದ್ದು ತಪಾಸಣೆ. ನಡೆದಾಡುವ, ಮೇವು ತಿನ್ನುವ ಪ್ರಾಣಿಯನ್ನು ಕಣ್ಣಾರೆ ಕಂಡು ಕೊಯ್ಯುವುದರಿಂದ ಸತ್ತ ಕುರಿಯ ಮಾಂಸ ಬರುವ ಭಯವಿಲ್ಲ, ನೆರಡಿ (ಆಂಥ್ರಾಕ್ಸ್) ರೋಗದ ದೃಷ್ಟಿಯಿಂದ ಇದು ಸಣ್ಣ ರಕ್ಷಣೆಯಲ್ಲ. ಆದರೆ ಲಿವರಿನಲ್ಲೋ ಶ್ವಾಸಕೋಶದಲ್ಲೋ ಕಾಣುವ ನೀರುಗುಳ್ಳೆಗಳ ಅರ್ಥ ಎಲ್ಲರಿಗೂ ತಿಳಿಯದು. ಅವು ಲಾಡಿಹುಳುವಿನ ಮರಿಗಳಿರುವ ಚೀಲಗಳು. ಕುರಿಯಿಂದ ನಾಯಿಗೆ, ನಾಯಿಯ ಮಲದಿಂದ ಮತ್ತೆ ಕುರಿಗೂ ಮನುಷ್ಯರಿಗೂ ಈ ರೋಗ ಸುತ್ತುತ್ತದೆ. ಗುಡ್ಡೆ ಹಾಕುವ ಜಾಗದಲ್ಲಿ ಕಾದು ನಿಂತ ನಾಯಿಗಳಿಗೆ ಅಂಥ ತುಂಡನ್ನು ಎಸೆದರೆ ಸುತ್ತು ಪೂರ್ತಿಯಾದಂತೆ. ವರ್ಷತೊಡಕಿನ ಬೆಳಗ್ಗೆ ಹೋಬಳಿಯ ಪಶುವೈದ್ಯರು ನಾಲ್ಕಾರು ಊರಿನ ಗುಡ್ಡೆಗಳ ಬಳಿ ನಿಂತು ಲಿವರ್, ಶ್ವಾಸಕೋಶ ನೋಡಿ ಹೇಳುವಂತಾಗಬೇಕು. ಕೆಟ್ಟ ಭಾಗವನ್ನು ನಾಯಿಗೆ ಸಿಗದಷ್ಟು ಆಳದಲ್ಲಿ ಹೂಳಲು ಪಂಚಾಯಿತಿಯವರು ಹಿಂದಿನ ದಿನವೇ ಗುಂಡಿ ತೆಗೆಸಿಡಬೇಕು.